ಉಪನ್ಯಾಸಕ್ಕೆ ಹೋಗುವ ಮುನ್ನ: ಆಟಿಸಂ ಇರುವ ಸಂಶೋಧಕರಿಗಾಗಿ

ವಿಜಯಪುರದ ಆದಿಲ್ ಶಾಹಿ ಕಾಲದ ನೀರಿನ ವ್ಯವಸ್ಥೆ ನನ್ನ ಸಂಶೋಧನೆಯ ವಿಷಯ. ಬಾವಡಿಗಳ, ಅಂದರೆ ಮೆಟ್ಟಿಲುಬಾವಿಗಳ ಅಳತೆ ತೆಗೆಯುವುದು, ಹಳೆಯ ಕಾಗದಪತ್ರ ಓದುವುದು, ವರ್ಷದಲ್ಲಿ ಕೆಲವು ಸಲ ಬೆಳಗಾವಿ ಮತ್ತು ಬಾಗಲಕೋಟೆಯ ಕಾಲೇಜುಗಳಿಗೆ ಹೋಗಿ ಉಪನ್ಯಾಸ ಕೊಡುವುದು ನನ್ನ ಕೆಲಸ. ನನಗೆ ಆಟಿಸಂ, ಅಂದರೆ ಸ್ವಲೀನತೆ ಇದೆಯೆಂದು ತಿಳಿದದ್ದು ಪಿಎಚ್.ಡಿ.ಗೆ ಸೇರಿದ ಮೇಲೆ. ನನ್ನಂತೆಯೇ ಇದ್ದು ಇದೇ ಕೆಲಸಕ್ಕೆ ಇಳಿದಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮನ್ನು ದಣಿಸುವುದು ಉಪನ್ಯಾಸವಲ್ಲ, ಅದರ ಹಿಂದುಮುಂದಿನ ಗದ್ದಲ; ಅದರಲ್ಲಿ ಬಹುಪಾಲನ್ನು ಮನೆ ಬಿಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬಹುದು.

ಆಹ್ವಾನ ಸಾಮಾನ್ಯವಾಗಿ ಫೋನಿನಲ್ಲಿ ಬರುತ್ತದೆ. ಫೋನಿನಲ್ಲೇ ಒಪ್ಪಿಕೊಳ್ಳಬೇಡಿ. "ವಿವರಗಳನ್ನು ದಯವಿಟ್ಟು ವಾಟ್ಸಾಪಿನಲ್ಲಿ ಕಳುಹಿಸಿ, ಇಂದು ಸಂಜೆಯೊಳಗೆ ಉತ್ತರಿಸುತ್ತೇನೆ" ಎಂದು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಒಪ್ಪಿದ ಮೇಲೆ ಒಂದು ಪುಟದ ಪತ್ರ ಬರೆಯಿರಿ. "ನನಗೆ ಸ್ವಲ್ಪ ತೊಂದರೆ ಇದೆ, ಅನುಕೂಲ ಮಾಡಿಕೊಡಿ" ಎಂದು ಬರೆದರೆ ಸಂಘಟಕರಿಗೆ ಏನು ಮಾಡಬೇಕೆಂದು ತಿಳಿಯದು. ಅವರು ಸಂಕೋಚದಿಂದ ಸುಮ್ಮನಾಗುತ್ತಾರೆ. ನನ್ನ ಪತ್ರದಲ್ಲಿ ಹೀಗಿರುತ್ತದೆ: "ನನಗೆ ಆಟಿಸಂ ಇದೆ. ಕಾರ್ಯಕ್ರಮದ ಪಟ್ಟಿಯನ್ನು ಮೂರು ದಿನ ಮೊದಲೇ ಕಳುಹಿಸಿ. ನನ್ನ ಉಪನ್ಯಾಸ 45 ನಿಮಿಷದ್ದು. ಅದಕ್ಕೆ ಮೊದಲು 20 ನಿಮಿಷ ಒಬ್ಬಳೇ ಕೂಡಲು ಒಂದು ಕೋಣೆ ಬೇಕು. ಗ್ರಂಥಾಲಯದ ಮೂಲೆಯಾದರೂ ಸಾಕು. ಸನ್ಮಾನ ಮಾಡುವುದಾದರೆ ಹಾರದ ಬದಲು ಪುಸ್ತಕವೊಂದನ್ನು ಕೈಗೆ ಕೊಡಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿ." ಇಷ್ಟೇ. ಕಾರಣಗಳನ್ನು ಉದ್ದಕ್ಕೆ ವಿವರಿಸುವ ಅಗತ್ಯವಿಲ್ಲ.

ಹಾರದ ವಿಷಯವನ್ನು ಯಾಕೆ ಸೇರಿಸಿದೆನೆಂದರೆ, ಅದನ್ನು ನಾನು ಕಷ್ಟಪಟ್ಟು ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ನಾಡಗೀತೆ, ಸಸಿಗೆ ನೀರೆರೆಯುವುದು, ಸ್ವಾಗತ, ಅತಿಥಿಗಳ ಪರಿಚಯ ಎಲ್ಲ ಮುಗಿದು, ಸುಗಂಧರಾಜದ ದಪ್ಪ ಹಾರವೊಂದು ನನ್ನ ಕೊರಳಿಗೆ ಬಿತ್ತು. ಅದರ ಮೇಲೆ ಶಾಲು ಹೊದಿಸಿದರು; ಶಾಲಿನ ಜರಿಯಂಚು ಕತ್ತಿನ ಹಿಂಭಾಗಕ್ಕೆ ಮುಳ್ಳಿನಂತೆ ಚುಚ್ಚುತ್ತಿತ್ತು, ಹೂವಿನ ವಾಸನೆ ಮೂಗಿನಿಂದ ಗಂಟಲಿಗಿಳಿದಿತ್ತು. ಅಷ್ಟರಲ್ಲಿ ಮೈಕು ಕಿರ್ರೆಂದು ಕೂಗಿತು. ತಿಂಗಳುಗಟ್ಟಲೆ ಸಿದ್ಧಪಡಿಸಿದ ಮಾತಿನ ಮೊದಲ ವಾಕ್ಯವೇ ನನಗೆ ಸಿಗಲಿಲ್ಲ. ಸಭೆಯವರು ನನಗೆ ಭಯವಾಗಿದೆ ಎಂದುಕೊಂಡರು. ಭಯವಾಗಿರಲಿಲ್ಲ, ಚರ್ಮ, ಮೂಗು, ಕಿವಿ ಮೂರೂ ಒಟ್ಟಿಗೆ ಕೂಗಿಕೊಳ್ಳುತ್ತಿದ್ದಾಗ ಮಾತಿಗೆ ಜಾಗವೇ ಉಳಿದಿರಲಿಲ್ಲ. ಇಂದ್ರಿಯಗಳ ಈ ಅತಿಸಂವೇದನೆ ನಮ್ಮ ಕಲ್ಪನೆಯಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ, ರೋಗನಿರ್ಣಯದ ಕೈಪಿಡಿಯ ಐದನೆಯ ಆವೃತ್ತಿಯು (ಡಿಎಸ್ಎಂ-5) ಇದನ್ನು ಆಟಿಸಂ ಗುರುತಿಸುವ ಲಕ್ಷಣಗಳಲ್ಲಿಯೇ ಸೇರಿಸಿದೆ.

ನಿರ್ದಿಷ್ಟವಾಗಿ ಕೇಳಿದರೆ ನಮ್ಮ ಕಡೆಯ ಜನ ಮನಃಪೂರ್ವಕವಾಗಿ ಮಾಡಿಕೊಡುತ್ತಾರೆ ಎಂಬುದನ್ನೂ ಹೇಳಬೇಕು. ಬೆಳಗಾವಿಯ ಒಂದು ಕಾಲೇಜಿನಲ್ಲಿ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕುಳಿತ ಹಿರಿಯ ಸಿಪಾಯಿಯೊಬ್ಬರು, "ಯಾರನ್ನೂ ಒಳಗ ಬಿಡೂದಿಲ್ರಿ ಮೇಡಂ, ನೀವು ಆರಾಮ ಕೂಡ್ರಿ" ಎಂದರು. ಪ್ರಾಂಶುಪಾಲರು ಬಂದಾಗಲೂ ಅವರು ಬಿಡಲಿಲ್ಲ.

ಸಭಾಂಗಣಕ್ಕೆ ಒಂದು ಗಂಟೆ ಮೊದಲು ಹೋಗಿ. ಮೈಕನ್ನು ಕೈಯಲ್ಲಿ ಹಿಡಿದು ನಾಲ್ಕು ವಾಕ್ಯ ಮಾತಾಡಿ ನೋಡಿ. ಸ್ಪೀಕರಿನ ಮುಂದೆ ನಿಂತರೆ ಮೈಕು ಕೂಗುತ್ತದೆ, ಆದ್ದರಿಂದ ಸ್ಪೀಕರುಗಳ ಹಿಂದೆ ನಿಲ್ಲುವ ಜಾಗವನ್ನು ಗುರುತಿಸಿಕೊಳ್ಳಿ. ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿರೆಂದು ಕೇಳುವುದು ನ್ಯಾಯವಲ್ಲ, ನಲವತ್ತು ಡಿಗ್ರಿ ದಾಟಿದ ಊರಿನಲ್ಲಿ ಸಭಿಕರೂ ಕೂಡಬೇಕಲ್ಲ. ಆದರೆ ಗಡಗಡ ಸದ್ದು ಮಾಡುವ ಒಂದೇ ಫ್ಯಾನನ್ನು ಆರಿಸಲು ಕೇಳಬಹುದು. ಮೊದಲ ಮೂರು ವಾಕ್ಯಗಳನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಬಾಯಿಪಾಠವನ್ನು ನಂಬಬೇಡಿ.

ಸಭಿಕರ ಕಣ್ಣಿಗೆ ಕಣ್ಣಿಟ್ಟು ಮಾತಾಡಬೇಕೆಂಬ ಉಪದೇಶವನ್ನು ನಾನು ಬಿಟ್ಟಿದ್ದೇನೆ. ಹಿಂದಿನ ಸಾಲಿನ ಮೇಲಿನ ಗೋಡೆಯನ್ನು ನೋಡುತ್ತ ಮಾತಾಡಿದರೂ ಸಭೆಗೆ ಕೊರತೆಯಾಗುವುದಿಲ್ಲ, ನನ್ನ ವಿಚಾರದ ಎಳೆಯೂ ತಪ್ಪುವುದಿಲ್ಲ.

ಪ್ರಶ್ನೋತ್ತರ ಹೆಚ್ಚು ಕಠಿಣ. ನಮ್ಮಲ್ಲಿ ಪ್ರಶ್ನೆ ಕೇಳುವವರು ಮೊದಲು ಪೀಠಿಕೆ ಹಾಕುತ್ತಾರೆ, ನಡುವೆ ತಮ್ಮ ಊರಿನ ಬಾವಿಯ ಕಥೆ ಹೇಳುತ್ತಾರೆ, ಪ್ರಶ್ನೆ ಎಲ್ಲಿದೆಯೆಂದು ನನಗೆ ಹಲವು ಸಲ ತಿಳಿಯುವುದಿಲ್ಲ. ಚೀಟಿಯಲ್ಲಿ ಬರೆಸಿದರೆ ಪ್ರಶ್ನೆ ಎರಡು ಸಾಲಿಗಿಳಿಯುತ್ತದೆ. ನನ್ನ ಸಮಸ್ಯೆ ಇದರ ಉಲ್ಟಾ ದಿಕ್ಕಿನಲ್ಲೂ ಇದೆ: ವಿಜಯಪುರದ ಬೇಗಂ ತಲಾಬ್ ಎಂಬ ಕೆರೆಯಿಂದ ಬರುವ ನೀರಿನ ಸಾಲಿನಲ್ಲಿ ಗಂಜ್ ಎಂಬ ಗೋಪುರಗಳನ್ನು ಯಾಕೆ ಕಟ್ಟಿದ್ದರು ಎಂದು ಕೇಳಿದರೆ, ಕೊಳವೆಯಲ್ಲಿನ ನೀರಿನ ಒತ್ತಡ ತಗ್ಗಿಸಲಿಕ್ಕೆ ಎಂಬ ಒಂದು ಸಾಲಿನ ಉತ್ತರ ಸಾಕಾಗಿರುವಲ್ಲಿ ನಾನು ಇಪ್ಪತ್ತು ನಿಮಿಷ ಮಾತಾಡಬಲ್ಲೆ. ಅದಕ್ಕಾಗಿ ಪ್ರತಿ ಉತ್ತರಕ್ಕೂ ಮೂರು ನಿಮಿಷದ ಗಡಿಯಾರವನ್ನು ಮೇಜಿನ ಮೇಲಿಡುತ್ತೇನೆ. ಆಟಿಸಂ ಇರುವ ಬ್ರಿಟಿಷ್ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಾದದಂತೆ, ಅರ್ಥವಾಗದಿರುವುದು ಒಂದೇ ಕಡೆಯ ಕೊರತೆಯಲ್ಲ. ನಮಗೆ ಆಟಿಸಂ ಇಲ್ಲದವರು ಎಷ್ಟು ಅರ್ಥವಾಗುವುದಿಲ್ಲವೋ ಅವರಿಗೆ ನಾವೂ ಅಷ್ಟೇ ಅರ್ಥವಾಗುವುದಿಲ್ಲ. ಇದನ್ನು ಓದಿದ ದಿನ ನನ್ನ ಎದೆಯ ಮೇಲಿನ ಭಾರ ಇಳಿಯಿತು.

ಊಟದ ಹೊತ್ತು ಬರುತ್ತದೆ. ಇನ್ನೂರು ಜನರ ಸದ್ದಿನ ನಡುವೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸುತ್ತ "ಇನ್ನೊಂದು ರೊಟ್ಟಿ ಹಾಕ್ಕೋರಿ, ನಾಚಿಕೊಳ್ಳಬ್ಯಾಡ್ರಿ" ಎಂದು ಒತ್ತಾಯಿಸುವುದು ಪ್ರೀತಿಯೇ. ತಟ್ಟೆಯನ್ನು ಅದೇ ಕೋಣೆಗೆ ತರಿಸಿಕೊಂಡು, ಸಂಘಟಕರಲ್ಲಿ ಒಬ್ಬರೊಡನೆ ಮಾತ್ರ ಕೂತು ಉಣ್ಣುತ್ತೇನೆಂದು ಪತ್ರದಲ್ಲಿಯೇ ತಿಳಿಸಿದ್ದರೆ ಅವರ ಮನಸ್ಸೂ ನೋಯುವುದಿಲ್ಲ.

ಕ್ಷೇತ್ರಕಾರ್ಯದ ಬಗ್ಗೆ ಒಂದೇ ಮಾತು: ಸ್ಥಳಕ್ಕಿಂತ ಹೊತ್ತನ್ನು ಆರಿಸಿ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಹಲವು ಸಲ ಮರುದನಿಸುತ್ತದೆ. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲೆ ಅಲ್ಲಿ ನನಗೆ ಐದು ನಿಮಿಷವೂ ನಿಲ್ಲಲಾಗದು. ಬಾಗಿಲು ತೆರೆದ ಕೂಡಲೇ ಹೋದರೆ ಅದೇ ಜಾಗದಲ್ಲಿ ನನ್ನ ಉಸಿರಿನ ಸದ್ದು ನನಗೇ ಕೇಳಿಸುತ್ತದೆ.

ಆಟಿಸಂ ಇದೆಯೆಂದು ಹೇಳಿಕೊಳ್ಳಬೇಕೇ ಎಂದು ಕಿರಿಯರು ಕೇಳುತ್ತಾರೆ. ಅದು ಅವರವರ ನಿರ್ಧಾರ. ಮದುವೆಯ ಮಾತುಕತೆ, ಕೆಲಸದ ಸಂದರ್ಶನ ಎಲ್ಲವೂ ಒಂದಕ್ಕೊಂದು ತಳಕು ಹಾಕಿಕೊಂಡಿರುವ ನಮ್ಮ ಊರುಗಳಲ್ಲಿ ಅದರ ಬೆಲೆ ತೆರಬೇಕಾಗಬಹುದು, ಅದನ್ನು ನಾನು ಮರೆಮಾಚುವುದಿಲ್ಲ. ಹೇಳದೆಯೂ "ಹಾರ ಬೇಡ, ಚೀಟಿ ಇರಲಿ" ಎಂದು ಕೇಳಬಹುದು. ನೌಕರಿಯಲ್ಲಿ ಮಾತ್ರ ಕಾನೂನಿನ ಬಲ ಬೇಕಾಗುತ್ತದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ; 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಅದು ಸೇರಿದೆ, ಸರ್ಕಾರಿ ಸಂಸ್ಥೆಗಳು ತಮ್ಮ ವಿಕಲಚೇತನ ನೌಕರರಿಗೆ ಸಮಂಜಸ ಹೊಂದಾಣಿಕೆ ಮಾಡಿಕೊಡಬೇಕೆಂದೂ ಆ ಕಾಯ್ದೆ ಹೇಳುತ್ತದೆ. ವೈಕಲ್ಯದ ಪ್ರಮಾಣಪತ್ರ ಮತ್ತು ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಇದ್ದರೆ ಮೇಲಧಿಕಾರಿಗೆ ಬರೆಯುವ ಅರ್ಜಿಗೆ ತೂಕ ಬರುತ್ತದೆ.

ಉಪನ್ಯಾಸದ ಮರುದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ನಾನು ಆ ದಿನ ಕಿಟಕಿಯ ಪರದೆ ಇಳಿಸಿ, ಮೊಬೈಲು ಆರಿಸಿ ಮಲಗುತ್ತೇನೆ. ಸಂಜೆಯ ಹೊತ್ತಿಗೆ ಎದ್ದು, ಹೊತ್ತು ಸಾಲದೆ ಉಳಿದುಹೋದ ಚೀಟಿಗಳನ್ನು ಚೀಲದಿಂದ ತೆಗೆದು ಒಂದೊಂದಕ್ಕೂ ಉತ್ತರ ಬರೆದು ಕಾಲೇಜಿಗೆ ಕಳುಹಿಸುತ್ತೇನೆ. ಅಲ್ಲಿ ಮೂರು ನಿಮಿಷದ ಗಡಿಯಾರ ಇರುವುದಿಲ್ಲ.