ಹಳೇ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್: ವಿಂಡೋಸ್ ಡಿಸ್ಕನ್ನು ಅಳಿಸದೆ ಬದಲಾಯಿಸುವ ಬಗೆ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ತಿಪಟೂರಿನ ಕೊಬ್ಬರಿ ಮಂಡಿಯಲ್ಲೋ ಶಿರಾದ ಜೆರಾಕ್ಸ್ ಅಂಗಡಿಯಲ್ಲೋ ಇನ್ನೂ ಗಟ್ಟಿಯಾಗಿ ಓಡುತ್ತಿರುವ ಎರಡನೇ, ಮೂರನೇ, ನಾಲ್ಕನೇ ತಲೆಮಾರಿನ ಐ3, ಐ5 ಯಂತ್ರಗಳು ಈ ಲೆಕ್ಕದಲ್ಲಿ ಗುಜರಿಗೆ ಹೋಗಬೇಕು. ಹೋಗಬೇಕಾಗಿಲ್ಲ. ವಿಂಡೋಸ್ ಬದಲಿಗೆ ಹಾಕಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಇದೆ. ಲಿನಕ್ಸ್ ಮಿಂಟ್‌ನ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ, ಅದರ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿ ರ್‍ಯಾಮ್‌ನಲ್ಲಿ ಆರಾಮಾಗಿ ನಡೆಯುತ್ತದೆ.

ಮಿಂಟ್ ಹಾಕುವ ಕೆಲಸ ಅರ್ಧ ಗಂಟೆಯದು. ತೊಂದರೆ ಬರುವುದು ಅಲ್ಲಲ್ಲ. ಹಾಕಿದ ಮಾರನೇ ದಿನ ಪ್ರಿಂಟರ್ ಮಾತಾಡುವುದಿಲ್ಲ, ನುಡಿ ತಂತ್ರಾಂಶದಲ್ಲಿ ಹೊಡೆದ ಕನ್ನಡ ಅರ್ಜಿ ಓದಲಾಗುವುದಿಲ್ಲ, ಟ್ಯಾಲಿ ಎಲ್ಲಿ ಅಂತ ಅಕೌಂಟೆಂಟ್ ಕೇಳುತ್ತಾರೆ. ಹಾಗಾಗಿ ಶುರು ಮಾಡಬೇಕಾದ್ದು ಪೆನ್ ಡ್ರೈವ್‌ನಿಂದಲ್ಲ, ಕಂಪ್ಯೂಟರಿಗೆ ಏನೇನು ತಗುಲಿಕೊಂಡಿದೆ ಎಂಬ ಪಟ್ಟಿಯಿಂದ.

ಯಾವ ಯಂತ್ರಕ್ಕೆ ಬೇಡ

ಟ್ಯಾಲಿ ವಿಂಡೋಸ್ ತಂತ್ರಾಂಶ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೂಲಕ ಓಡಿಸಬಹುದು ಎಂದು ಯಾರಾದರೂ ಹೇಳಿದರೆ, ವ್ಯಾಪಾರದ ಲೆಕ್ಕವನ್ನು ಆ ಪ್ರಯೋಗಕ್ಕೆ ಒಡ್ಡಬೇಡಿ. ಆಧಾರ್ ಹೆಬ್ಬೆಟ್ಟಿನ ಯಂತ್ರಗಳ ತಂತ್ರಾಂಶವೂ ಸಾಮಾನ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಮಾತ್ರ ಸಿಗುತ್ತದೆ. ಹಾಲಿನ ಡೇರಿಯಲ್ಲಿ ಫ್ಯಾಟ್ ಅಳೆಯುವ ಯಂತ್ರ, ತೂಕದ ಯಂತ್ರ ಸೀರಿಯಲ್ ಪೋರ್ಟ್ ಮೂಲಕ ಜೋಡಿಸಿರುವ ಕಂಪ್ಯೂಟರ್ ಇದ್ದರೆ ಅದನ್ನಂತೂ ಮುಟ್ಟಲೇಬೇಡಿ. ಬೆಳಿಗ್ಗೆ ಆರಕ್ಕೆ ಕ್ಯಾನ್ ಹಿಡಿದು ನಿಂತವರ ಮುಂದೆ ಡ್ರೈವರ್ ಹುಡುಕುವ ಕೆಲಸ ಯಾರಿಗೂ ಬೇಡ.

ಪ್ರಿಂಟರ್‌ಗಳಲ್ಲಿ ನಮ್ಮ ಕಡೆ ಅಂಗಡಿಗಳಲ್ಲಿ ಹೆಚ್ಚು ಕಾಣುವ ಎರಡನ್ನು ಹೇಳುತ್ತೇವೆ. ಎಚ್‌ಪಿ ಲೇಸರ್‌ಜೆಟ್ 1020 ನಡೆಯುತ್ತದೆ, ಆದರೆ ಒಂದು ಷರತ್ತಿದೆ. ಆ ಪ್ರಿಂಟರ್ ತನ್ನನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರನ್ನು ಒಳಗೆ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗ ಕಂಪ್ಯೂಟರೇ ಅದನ್ನು ಕಳಿಸಬೇಕು. ಮಿಂಟ್‌ನಲ್ಲಿ ಈ ಕೆಲಸ ಮಾಡುವುದು ಎಚ್‌ಪಿ ಪ್ರಿಂಟರ್‌ಗಳ ತಂತ್ರಾಂಶವಾದ ಎಚ್‌ಪಿಎಲ್‌ಐಪಿ, ಅದಕ್ಕೆ ಎಚ್‌ಪಿಯ ಪ್ಲಗಿನ್ ಬೇರೆಯಾಗಿ ಇಳಿಸಿಕೊಳ್ಳಬೇಕು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಎಚ್‌ಪಿಎಲ್‌ಐಪಿಯ ಟೂಲ್‌ಬಾಕ್ಸ್ ಹಾಕಿ, ಪ್ರಿಂಟರ್ ಸೇರಿಸುವಾಗ ಪ್ಲಗಿನ್ ಕೇಳಿದರೆ ಒಪ್ಪಿಕೊಳ್ಳಿ. ಪ್ಲಗಿನ್ ಇಲ್ಲದಿದ್ದರೆ ಪ್ರಿಂಟರ್ ಪಟ್ಟಿಯಲ್ಲಿ ಕಾಣಿಸುತ್ತದೆ, ಪ್ರಿಂಟ್ ಕೊಟ್ಟರೆ ‘ಆಯಿತು’ ಎನ್ನುತ್ತದೆ, ಕಾಗದ ಮಾತ್ರ ಹೊರಗೆ ಬರುವುದಿಲ್ಲ. ಮುಂದೆ ಎಚ್‌ಪಿಎಲ್‌ಐಪಿ ಅಪ್‌ಡೇಟ್ ಆದಾಗ ಪ್ಲಗಿನ್ನೂ ಅದೇ ಆವೃತ್ತಿಯದು ಬೇಕು, ಇದ್ದಕ್ಕಿದ್ದಂತೆ ನಿಂತುಹೋದರೆ ಮೊದಲು ಅದನ್ನೇ ನೋಡಿ. ಇನ್ನೊಂದು ಕ್ಯಾನನ್ ಎಲ್‌ಬಿಪಿ 2900. ಇದು ಕ್ಯಾಪ್ಟ್ ಎಂಬ ಕ್ಯಾನನ್‌ನದೇ ಭಾಷೆಯಲ್ಲಿ ಮಾತಾಡುತ್ತದೆ. ಲಿನಕ್ಸ್‌ನಲ್ಲಿ ಮಾತಾಡಿಸಲು ಸಾಧ್ಯ, ಆದರೆ ತುಂಬಾ ಹೊತ್ತು ಹಿಡಿಯುವ ಕೆಲಸ. ಪ್ರಿಂಟಿನಿಂದಲೇ ಹೊಟ್ಟೆಪಾಡು ನಡೆಯುವ ಅಂಗಡಿಯಾದರೆ ಆ ಒಂದು ಯಂತ್ರವನ್ನು ವಿಂಡೋಸ್‌ನಲ್ಲೇ ಬಿಡಿ.

ನುಡಿ ಕಡತಗಳ ಪರೀಕ್ಷೆ

ಇದಕ್ಕೆ ಒಂದು ನಿಮಿಷ ಸಾಕು. ಹಳೇ ಕನ್ನಡ ಕಡತದಿಂದ ಒಂದು ಸಾಲು ಕಾಪಿ ಮಾಡಿ ಬ್ರೌಸರ್‌ನ ಹುಡುಕುವ ಪೆಟ್ಟಿಗೆಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಕಂಡರೆ ಅದು ಎಲ್ಲ ಯಂತ್ರಗಳಿಗೂ ಗೊತ್ತಿರುವ ಯೂನಿಕೋಡ್, ಚಿಂತೆಯಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಚುಕ್ಕೆ ಅಂಟಿಸಿದ ಹಾಗೆ ಕಂಡರೆ ಅದು ಹಳೇ ಆಸ್ಕಿ ಕಡತ. ಅಂಥದ್ದರಲ್ಲಿ ಕನ್ನಡ ಇರುವುದು ಫಾಂಟ್‌ನಲ್ಲಿ, ಕಡತದೊಳಗಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಬರೀ ಗೀಚು.

ಆದ್ದರಿಂದ ವಿಂಡೋಸ್ ಇರುವಾಗಲೇ ಎರಡು ಕೆಲಸ ಮುಗಿಸಿ. ಮುಖ್ಯವಾದ ಕಡತಗಳನ್ನು ನುಡಿಯ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಾಯಿಸಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ, ಬರಹ ಫಾಂಟುಗಳನ್ನು ಪೆನ್ ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಮಿಂಟ್‌ನಲ್ಲಿ ಅವುಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟರೆ, ಬದಲಾಯಿಸದೆ ಉಳಿದ ಹಳೇ ಕಡತಗಳನ್ನು ಲಿಬ್ರೆಆಫೀಸ್‌ನಲ್ಲಿ ಓದಲಾದರೂ ಆಗುತ್ತದೆ.

ಹೊಸದಾಗಿ ಟೈಪ್ ಮಾಡಲು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್‌ನ ಎಂ17ಎನ್ ಪ್ಯಾಕೇಜ್ ಹಾಕಿ. ಮೆನುವಿನ ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆಯ್ದು, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಎಂದಿರುವುದನ್ನು ಸೇರಿಸಿ. ಕೆಜಿಪಿ ಎಂದರೆ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ, ನುಡಿಯಲ್ಲಿ ಕೂತ ಬೆರಳುಗಳಿಗೆ ಪರಿಚಯದ್ದೇ. ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಲಿನಕ್ಸ್‌ನ ಕನ್ನಡ ಫಾಂಟುಗಳಲ್ಲಿ ಒಂದರ ಹೆಸರು ಗುಬ್ಬಿ, ಇನ್ನೊಂದರದು ನವಿಲು. ಜೊತೆಯಲ್ಲಿ ನವಿಲಿರುವುದರಿಂದ ಇದು ನಮ್ಮ ಗುಬ್ಬಿ ತಾಲ್ಲೂಕಲ್ಲ, ಹಕ್ಕಿಯೇ ಇರಬೇಕು.

ಹೊಸ ಎಸ್‌ಎಸ್‌ಡಿ, ಸ್ವಲ್ಪ ರ್‍ಯಾಮ್, ಒಂದು ಬಿಲ್ಲೆ

ಹಳೇ ಹಾರ್ಡ್ ಡಿಸ್ಕಿನ ಮೇಲೆ ಮಿಂಟ್ ಹಾಕಿದರೆ ವಿಂಡೋಸ್‌ಗಿಂತ ಚುರುಕಾಗಿರುತ್ತದೆ, ನಿಜ. ಆದರೂ ನಿಧಾನ ಮಾಡುತ್ತಿರುವುದು ಹೆಚ್ಚಿನ ಸಲ ಆ ತಿರುಗುವ ಡಿಸ್ಕೇ. 240 ಅಥವಾ 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತನ್ನಿ. ಎನ್‌ವಿಎಂಇ ಎಂಬ ಉದ್ದನೆ ಚಪ್ಪಟೆ ಕಾರ್ಡು ಇಷ್ಟು ಹಳೇ ಬೋರ್ಡುಗಳಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ಹಳೇ ಲ್ಯಾಪ್‌ಟಾಪ್ ಡಿಸ್ಕು 9.5 ಮಿ.ಮೀ. ದಪ್ಪ, ಎಸ್‌ಎಸ್‌ಡಿ 7 ಮಿ.ಮೀ. ಅದು ಅಲುಗಾಡಿದರೆ ಪ್ಲಾಸ್ಟಿಕ್ ಚೌಕಟ್ಟು ಕೊಟ್ಟು ಬಿಗಿ ಮಾಡಿ.

ಹೀಗೆ ಮಾಡುವುದರ ದೊಡ್ಡ ಲಾಭ ವೇಗ ಅಲ್ಲ. ವಿಂಡೋಸ್ ಇದ್ದ ಡಿಸ್ಕನ್ನು ಹಾಗೇ ಬಿಚ್ಚಿ, ತಾರೀಕು ಬರೆದ ಚೀಟಿ ಅಂಟಿಸಿ ಬೀರುವಿನಲ್ಲಿ ಇಡಬಹುದು. ಏನಾದರೂ ಮರೆತಿದ್ದರೆ ನಾಲ್ಕು ಸ್ಕ್ರೂ ಬಿಚ್ಚಿದರೆ ವಾಪಸ್ಸು ಮೊದಲಿನ ಕಂಪ್ಯೂಟರೇ. ಒಂದೇ ಡಿಸ್ಕಿನಲ್ಲಿ ಎರಡನ್ನೂ ಇಡುವುದಕ್ಕಿಂತ ಇದು ಎಷ್ಟೋ ವಾಸಿ. ಎರಡನ್ನೂ ಒಂದರಲ್ಲೇ ಇಟ್ಟರೆ ಗಡಿಯಾರದ ರಗಳೆ ಬೇರೆ: ವಿಂಡೋಸ್ ಬೋರ್ಡಿನ ಗಡಿಯಾರವನ್ನು ನಮ್ಮ ಸಮಯ ಎಂದುಕೊಳ್ಳುತ್ತದೆ, ಲಿನಕ್ಸ್ ಗ್ರೀನ್‌ವಿಚ್ ಸಮಯ ಎಂದುಕೊಳ್ಳುತ್ತದೆ, ಅದರಿಂದ ಇದಕ್ಕೆ ಹೋದಾಗೆಲ್ಲ ಐದೂವರೆ ಗಂಟೆ ವ್ಯತ್ಯಾಸ.

ರ್‍ಯಾಮ್ ಎಷ್ಟಿದೆ, ಎಷ್ಟು ಸ್ಲಾಟ್ ಖಾಲಿ ಎಂಬುದನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ಎಂಬಲ್ಲಿ ನೋಡಬಹುದು. 2 ಜಿಬಿ ಇದ್ದರೆ ಇನ್ನೊಂದು ಕಡ್ಡಿ ಸೇರಿಸಿ. ಮಿಂಟ್ 2 ಜಿಬಿಯಲ್ಲಿ ಏಳುತ್ತದೆ, ಆದರೆ ಬ್ರೌಸರ್ ತೆರೆದ ಕೂಡಲೇ ಉಸಿರು ಕಟ್ಟುತ್ತದೆ. ಲ್ಯಾಪ್‌ಟಾಪಿಗೆ ಕೊಳ್ಳುವಾಗ ಹಳೇ ಕಡ್ಡಿಯ ಚೀಟಿ ಓದಿ. ಪಿಸಿ3 ಎಂದಿದ್ದರೆ 1.5 ವೋಲ್ಟಿನದು, ಪಿಸಿ3ಎಲ್ ಎಂದಿದ್ದರೆ 1.35 ವೋಲ್ಟಿನದು. ಎಲ್ ಕೇಳುವ ಯಂತ್ರಕ್ಕೆ ಬರೀ ಪಿಸಿ3 ಹಾಕಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡ್ ಸುಟ್ಟಿತು ಅಂತ ಗಾಬರಿಯಾಗಬೇಡಿ, ಕಡ್ಡಿ ಬದಲಿಸಿ.

ಕೊನೆಯದು, ಎಲ್ಲರೂ ಬಿಡುವುದು: ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ, ಸಿಆರ್2032. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತಿದ್ದರೆ ಪ್ರತಿ ಸಲ ಕರೆಂಟು ಹೋಗಿ ಬಂದಾಗ ತಾರೀಕು ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಬ್ರೌಸರ್ ಎಲ್ಲ ತಾಣಗಳನ್ನೂ ‘ಸುರಕ್ಷಿತವಲ್ಲ’ ಎನ್ನುತ್ತದೆ, ಅಪ್‌ಡೇಟ್ ಮುನಿಸಿಕೊಳ್ಳುತ್ತದೆ. ಪ್ರಮಾಣಪತ್ರಗಳ ತಾರೀಕು ನೋಡಿ ಅವು ಇನ್ನೂ ಹುಟ್ಟೇ ಇಲ್ಲ ಎಂದು ಕಂಪ್ಯೂಟರ್ ತಿಳಿಯುವುದೇ ಕಾರಣ. ತಪ್ಪು ಬಿಲ್ಲೆಯದು, ಬೈಸಿಕೊಳ್ಳುವುದು ಮಿಂಟ್. ಡೆಸ್ಕ್‌ಟಾಪ್‌ನಲ್ಲಿ ಪ್ಲಗ್ ಕಿತ್ತು, ಪಕ್ಕದ ಲೋಹದ ಕೊಂಡಿಯನ್ನು ಹಿಂದಕ್ಕೆ ಒತ್ತಿದರೆ ಬಿಲ್ಲೆ ಎದ್ದು ಬರುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ. ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಇದಕ್ಕೆ ಎರಡು ತಂತಿಯ ಬಾಲ ಇರುತ್ತದೆ, ಬಾಲ ಸಮೇತ ಕೊಳ್ಳಬೇಕು. ಇದನ್ನು ಮಿಂಟ್ ಹಾಕುವ ಮುಂಚೆಯೇ ಮಾಡಿ. ಬಿಲ್ಲೆ ತೆಗೆದಾಗ ಬಯೋಸ್, ಅಂದರೆ ಕಂಪ್ಯೂಟರನ್ನು ಏಳಿಸುವ ಬೋರ್ಡಿನ ತಂತ್ರಾಂಶದ ಸೆಟ್ಟಿಂಗ್, ಕಾರ್ಖಾನೆಯಿಂದ ಬಂದಂತಾಗುತ್ತದೆ. ಯುಇಎಫ್‌ಐ ಎಂಬ ಹೊಸ ಬಗೆಯಲ್ಲಿ ಹಾಕಿದ ಮಿಂಟ್, ಬಯೋಸ್ ಲೆಗಸಿ ಎಂಬ ಹಳೇ ಬಗೆಗೆ ಜಾರಿದರೆ ಏಳುವುದಿಲ್ಲ.

ಪೆನ್ ಡ್ರೈವ್

8 ಜಿಬಿಯದು ಸಾಕು. ಎಕ್ಸ್‌ಎಫ್‌ಸಿಇ ಆವೃತ್ತಿಯ ಐಎಸ್‌ಒ ಕಡತ ಸುಮಾರು 3 ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಒಂದೇ ದಿನಕ್ಕೆ ಇಳಿಯುವುದಿಲ್ಲ, ಬ್ರಾಡ್‌ಬ್ಯಾಂಡ್ ಇರುವ ಕಡೆ ಇಳಿಸಿಕೊಳ್ಳಿ. ಅರ್ಧಕ್ಕೆ ನಿಂತು ಮುಂದುವರಿದ ಕಡತ ಕೆಟ್ಟಿರಬಹುದು. ಮಿಂಟ್ ತಾಣದಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಸಂಖ್ಯೆಯ ಜೊತೆ ತಾಳೆ ನೋಡಿ. ಐಎಸ್‌ಒ ಕಡತವನ್ನು ಪೆನ್ ಡ್ರೈವ್‌ಗೆ ಬರೆಯುವ ರೂಫಸ್ ತಂತ್ರಾಂಶದಲ್ಲೇ ಐಎಸ್‌ಒ ಆಯ್ಕೆಯ ಪಕ್ಕದ ಟಿಕ್ ಗುರುತು ಒತ್ತಿದರೆ ಸಂಖ್ಯೆ ತೋರಿಸುತ್ತದೆ. ಬರೆಯುವುದೂ ರೂಫಸ್‌ನಲ್ಲೇ. ಪೆನ್ ಡ್ರೈವ್‌ನಲ್ಲಿದ್ದದ್ದೆಲ್ಲ ಹೋಗುತ್ತದೆ, ಮದುವೆ ಫೋಟೋ ಇರುವ ಡ್ರೈವ್ ಬೇಡ. ಸಾಧ್ಯವಾದರೆ ಇನ್ನೊಂದು ಪೆನ್ ಡ್ರೈವ್‌ನಲ್ಲಿ ವಿಂಡೋಸ್ 10 ಕೂಡ ಮಾಡಿಟ್ಟುಕೊಳ್ಳಿ. ಲಿನಕ್ಸ್‌ನಿಂದ ಅದನ್ನು ತಯಾರಿಸುವುದು ಕಿರಿಕಿರಿ.

ಪೆನ್ ಡ್ರೈವ್‌ನಿಂದ ಏಳಿಸಲು ಬೇಕಾದ ಬೂಟ್ ಮೆನುವಿಗೆ ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9, ಅಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಎಫ್2 ಒತ್ತಿ ಬಯೋಸ್‌ಗೆ ಹೋಗಿ ‘ಎಫ್12 ಬೂಟ್ ಮೆನು’ ಎಂಬುದನ್ನು ಎನೇಬಲ್ ಮಾಡಿ. ಪರದೆ ಕಪ್ಪಾಗಿ ನಿಂತರೆ ಮೊದಲ ಮೆನುವಿನ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ.

ಮಿಂಟ್ ಪೆನ್ ಡ್ರೈವ್‌ನಿಂದಲೇ ಪೂರ್ತಿ ಏಳುತ್ತದೆ, ಇನ್ನೂ ಏನನ್ನೂ ಹಾಕಿರುವುದಿಲ್ಲ. ಆತುರ ಬೇಡ. ವೈಫೈ, ಸೌಂಡ್, ಕ್ಯಾಮೆರಾ, ಪರದೆಯ ಬೆಳಕು, ಪ್ರಿಂಟರ್ ಎಲ್ಲವನ್ನೂ ಇಲ್ಲೇ ಪರೀಕ್ಷಿಸಿ. ವೈಫೈ ಕಾಣದಿದ್ದರೆ ಹೆಚ್ಚಾಗಿ ಒಳಗಿರುವುದು ಬ್ರಾಡ್‌ಕಾಮ್ ಕಾರ್ಡು. ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್ ತೆರೆದರೆ ಅದಕ್ಕೆ ಬೇಕಾದ್ದು ತೋರಿಸುತ್ತದೆ.

ಹಾಕುವುದು

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಚುಚ್ಚಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಮೇಲೆ ಇಡಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪೂ ಡೆಸ್ಕ್‌ಟಾಪೇ ಅಂದುಕೊಳ್ಳಿ. ಡೆಸ್ಕ್‌ಟಾಪ್ ಪರದೆಯ ಮೇಲಿನ ಇನ್‌ಸ್ಟಾಲ್ ಚಿತ್ರ ಒತ್ತಿ. ಭಾಷೆಯ ಪಟ್ಟಿಯಲ್ಲಿ ಕನ್ನಡ ಇದೆ, ಆದರೆ ಅನುವಾದ ಅರ್ಧಂಬರ್ಧ. ಸಹಾಯ ಹುಡುಕುವಾಗ ಇಂಗ್ಲಿಷ್ ಮೆನುವೇ ಅನುಕೂಲ. ಮಲ್ಟಿಮೀಡಿಯಾ ಕೋಡೆಕ್‌ಗೆ ಟಿಕ್ ಹಾಕಿ, ಇಲ್ಲದಿದ್ದರೆ ಕೆಲವು ವಿಡಿಯೋ ಓಡುವುದಿಲ್ಲ. ಹಳೇ ಡಿಸ್ಕು ಹೊರಗಿದ್ದು ಹೊಸ ಎಸ್‌ಎಸ್‌ಡಿ ಮಾತ್ರ ಒಳಗಿದ್ದರೆ ‘ಡಿಸ್ಕ್ ಅಳಿಸಿ ಹಾಕು’ ಎಂಬುದನ್ನು ಧೈರ್ಯವಾಗಿ ಆರಿಸಬಹುದು. ಆದರೂ ಗಾತ್ರ ನೋಡಿಯೇ ಮುಂದೆ ಹೋಗಿ. ಸಮಯ ವಲಯ ಕೋಲ್ಕತಾ.

ಪೆನ್ ಡ್ರೈವ್ ತೆಗೆದ ಮೇಲೆ ಮಿಂಟ್ ಏಳದೆ ‘ಬೂಟ್ ಡಿವೈಸ್ ಇಲ್ಲ’ ಎಂದು ಬಂದರೆ ಎರಡು ಹಳೇ ಚಾಳಿಗಳನ್ನು ನೋಡಿ. 2012–14ರ ಆಸುಪಾಸಿನ ಕೆಲವು ಎಚ್‌ಪಿ ಯಂತ್ರಗಳ ಬಯೋಸ್ ವಿಂಡೋಸ್‌ನ ಬೂಟ್ ಕಡತವನ್ನಲ್ಲದೆ ಬೇರೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂಥದ್ದರಲ್ಲಿ ಬಯೋಸ್‌ನ ಲೆಗಸಿ ಮೋಡ್ ಆನ್ ಮಾಡಿ, ಪೆನ್ ಡ್ರೈವನ್ನೂ ಲೆಗಸಿಯಲ್ಲೇ ಏಳಿಸಿ ಮತ್ತೊಮ್ಮೆ ಹಾಕುವುದು ಸುಲಭದ ದಾರಿ. ಏಸರ್‌ನಲ್ಲಿ ಬಯೋಸ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟ ಮೇಲಷ್ಟೇ ಹೊಸ ಯುಇಎಫ್‌ಐ ಕಡತವನ್ನು ನಂಬಿಕಸ್ತ ಎಂದು ಗುರುತಿಸುವ ಆಯ್ಕೆ ತೆರೆಯುತ್ತದೆ. ಅಲ್ಲಿ ಉಬುಂಟು ಎಂಬ ಫೋಲ್ಡರ್ ಕಾಣುತ್ತದೆ, ಮಿಂಟ್‌ನದೂ ಅದೇ, ಏಕೆಂದರೆ ಮಿಂಟ್ ಕಟ್ಟಿರುವುದೇ ಉಬುಂಟು ಮೇಲೆ. ಆ ಪಾಸ್‌ವರ್ಡನ್ನು ಬರೆದಿಡಿ, ಮರೆತರೆ ಬಿಡಿಸುವುದು ಕಷ್ಟ.

ಹಾಕಿದ ಮೇಲೆ

ಅಪ್‌ಡೇಟ್ ಮ್ಯಾನೇಜರ್ ಒಂದು ಸಲ ಪೂರ್ತಿ ಓಡಲಿ. ಟೈಮ್‌ಶಿಫ್ಟ್‌ನಲ್ಲಿ ವಾರಕ್ಕೊಂದರಂತೆ ಎರಡು ಸ್ನ್ಯಾಪ್‌ಶಾಟ್ (ಕೆಟ್ಟರೆ ಹಿಂದಕ್ಕೆ ಹೋಗಲು ವ್ಯವಸ್ಥೆಯ ನಕಲು) ಸಾಕು, ದಿನದಿನವೂ ಇಟ್ಟರೆ ಸಣ್ಣ ಎಸ್‌ಎಸ್‌ಡಿ ತುಂಬಿಹೋಗುತ್ತದೆ. ಅದು ಕಾಯುವುದು ವ್ಯವಸ್ಥೆಯನ್ನು, ನಿಮ್ಮ ಕಡತಗಳನ್ನಲ್ಲ.

ಯೂಟ್ಯೂಬ್ ಮುಗ್ಗರಿಸಿ ಫ್ಯಾನ್ ಕಿರುಚಿದರೆ ಕಾರಣ ಇಷ್ಟು: ಆ ಕಾಲದ ಇಂಟೆಲ್ ಗ್ರಾಫಿಕ್ಸ್‌ಗೆ ಎಚ್264 ವಿಡಿಯೋ ಬಿಡಿಸುವುದು ಗೊತ್ತು, ಯೂಟ್ಯೂಬ್ ಕಳಿಸುವ ವಿಪಿ9, ಎವಿ1 ಗೊತ್ತಿಲ್ಲ. ಹೊರೆ ಎಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಫೈರ್‌ಫಾಕ್ಸ್‌ಗೆ ಎಚ್264ಇಫೈ ಎಂಬ ಆಡ್‌ಆನ್ ಹಾಕಿ, 720ಪಿಯಲ್ಲಿ ನೋಡಿ. ಪಾವಗಡ, ಮಧುಗಿರಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಇಷ್ಟಕ್ಕೂ ಬಗ್ಗದಿದ್ದರೆ ಫ್ಯಾನಿನ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಬದಲಿಸಿ.

ಬೀರುವಿನಲ್ಲಿಟ್ಟ ಹಳೇ ಡಿಸ್ಕನ್ನು ಎರಡು ತಿಂಗಳು ಮುಟ್ಟಬೇಡಿ. ಲೆಕ್ಕ ವರ್ಷದ ಕೊನೆ ಹತ್ತಿರವಿದ್ದರೆ ಮಾರ್ಚ್ ಕಳೆಯುವವರೆಗೂ ಇರಲಿ. ಆಮೇಲೆ ಒಂದು ಯುಎಸ್‌ಬಿ ಕೇಸಿಂಗ್ ತಂದು ಅದರೊಳಗೆ ಕೂರಿಸಿ. ಮಿಂಟ್‌ನ ಡಿಸ್ಕ್ಸ್ ಎಂಬ ಸಾಧನದಲ್ಲಿ ಅದರ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ತೆರೆದು, ಕೆಟ್ಟ ಜಾಗಗಳ ಲೆಕ್ಕವಾದ ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರ್ ಎರಡೂ ಸೊನ್ನೆ ಇದ್ದರೆ, ಬೇಕಾದ ಕಡತಗಳನ್ನು ನಕಲು ಮಾಡಿಕೊಂಡ ಮೇಲೆ ಫಾರ್ಮ್ಯಾಟ್ ಮಾಡಿ ಕಡತಗಳ ಬ್ಯಾಕಪ್ಪಿಗೆ ಇಟ್ಟುಕೊಳ್ಳಿ. ಸೊನ್ನೆ ಇಲ್ಲದಿದ್ದರೆ ಅದರಲ್ಲಿರುವುದನ್ನು ಇವತ್ತೇ ಬೇರೆ ಕಡೆಗೆ ಇಳಿಸಿಕೊಳ್ಳಿ.