ಇಲಿಮರಿಯ ಕಿರುಮೆದುಳಲ್ಲಿ ಮೆಟ್ಟಿಲು ಎಣಿಸಿದ್ದು

ಪಿಎಚ್‌ಡಿಯ ಮೊದಲ ಎರಡು ವರ್ಷ ನಾನು ಹೆಚ್ಚಾಗಿ ಮಾಡಿದ್ದು ಮೆಟ್ಟಿಲು ಎಣಿಸುವ ಕೆಲಸ. ಕಂಪ್ಯೂಟರ್ ಪರದೆ ಮೇಲೆ ಮೂಡುವ ಕರೆಂಟಿನ ಮೆಟ್ಟಿಲು. 5 ದಿನದ ಇಲಿಮರಿಯಲ್ಲಿ ಎಷ್ಟು, 10 ದಿನದ್ದರಲ್ಲಿ ಎಷ್ಟು, 20 ದಿನದ್ದರಲ್ಲಿ ಎಷ್ಟು, ಇಷ್ಟೇ.

ಕಿರುಮೆದುಳನ್ನು ಶಾಲೆಯಲ್ಲಿ ಅನುಮಸ್ತಿಷ್ಕ ಅಂತ ಓದಿರುತ್ತೀರಿ. ಗಾತ್ರದಲ್ಲಿ ಮೆದುಳಿನ ಹತ್ತರಲ್ಲಿ ಒಂದು ಪಾಲು. ಆದರೆ ಮನುಷ್ಯನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇರುವುದು ಇಲ್ಲೇ. ಬಹುಪಾಲು ಗ್ರಾನ್ಯೂಲ್ ಅನ್ನುವ ಪುಟಾಣಿ ಕೋಶಗಳು. ಇಲಿಯಲ್ಲಿ ಇವು ಹುಟ್ಟಿ, ಜಾಗ ಸೇರುವುದು ಹೆಚ್ಚಾಗಿ ಮರಿ ಹೊರಗೆ ಬಂದ ಮೇಲೆ. ನಮಗೆ ಅನುಕೂಲ ಆಗುವುದೂ ಅದೇ, ಎಲ್ಲ ಕಣ್ಣೆದುರೇ ನಡೆಯುತ್ತದೆ.

ಕೋಶದ ಬೀಜಕ್ಕೆ ನೀಲಿ ಬಣ್ಣ ಹಿಡಿಸಿ 5 ದಿನದ ಮರಿಯ ತುಣುಕು ನೋಡಿದರೆ, ಹೊರ ಅಂಚಿನಲ್ಲೇ ದಪ್ಪ ನೀಲಿ ಪಟ್ಟಿ ಕಾಣುತ್ತದೆ. ಗ್ರಾನ್ಯೂಲ್ ಕೋಶಗಳು ಅಲ್ಲಿ ಗುಂಪುಗಟ್ಟಿ ಹೆಚ್ಚುತ್ತಿರುತ್ತವೆ. ಹೆಚ್ಚಲು ಹೇಳುವುದು ಕೆಳಗಿರುವ ಪರ್ಕಿಂಜಿ ಅನ್ನುವ ದೊಡ್ಡ ನರಕೋಶ, ಸೋನಿಕ್ ಹೆಜ್‌ಹಾಗ್ ಅನ್ನುವ ಪ್ರೋಟೀನಿನ ಮೂಲಕ. (ಹೌದು, ವಿಡಿಯೊ ಗೇಮಿನ ಹೆಸರೇ.) ಆಮೇಲೆ ಅವು ಬರ್ಗ್‌ಮನ್ ಗ್ಲಿಯಾ ಅನ್ನುವ ಕೋಶಗಳ ಉದ್ದನೆಯ ಎಳೆ ಹಿಡಿದು ಒಳಗೆ ಇಳಿಯುತ್ತವೆ. 1971ರಲ್ಲಿ ಪಾಸ್ಕೊ ರಾಕಿಚ್ ಇದನ್ನು ಕೋತಿಯ ಮೆದುಳಲ್ಲಿ ತೋರಿಸಿದರು. ಇಳಿಯುವಾಗ ತಮ್ಮ ತಂತುವನ್ನು, ಅಂದರೆ ಸುದ್ದಿ ಸಾಗಿಸುವ ಉದ್ದನೆಯ ಎಳೆಯನ್ನು, ಮೇಲೇ ಬಿಟ್ಟು ಹೋಗುತ್ತವೆ, ಅದೇ ಪ್ಯಾರಲಲ್ ಫೈಬರ್. ಇದೂ ಪರ್ಕಿಂಜಿ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ. ಮೂರು ವಾರದ ಹೊತ್ತಿಗೆ ಆ ನೀಲಿ ಪಟ್ಟಿ ಮಾಯ.

ನನ್ನ ಕೆಲಸ ಇದ್ದದ್ದು ಇನ್ನೊಂದು ತಂತುವಿನ ಮೇಲೆ, ಕ್ಲೈಂಬಿಂಗ್ ಫೈಬರ್. ನಮ್ಮದು ಅಡಿಕೆ ತೋಟದ ಮನೆ, ಹಾಗಾಗಿ ಇದು ನನಗೆ ಬೇಗ ತಲೆಗೆ ಹೋಯಿತು. ಮರಕ್ಕೆ ಮೆಣಸಿನ ಬಳ್ಳಿ ಹಬ್ಬುವ ಹಾಗೆ ಈ ತಂತು ಪರ್ಕಿಂಜಿ ಕೋಶಕ್ಕೆ ಹಬ್ಬುತ್ತದೆ. ತೋಟದಲ್ಲಿ ಒಂದು ಮರದ ಬುಡಕ್ಕೆ ಎರಡು ಮೂರು ಬಳ್ಳಿ ಹಾಕಿದರೆ ಎಲ್ಲವೂ ಹಬ್ಬಲಿ ಅಂತ ನೋಡುತ್ತೇವೆ. ಇಲ್ಲಿ ಹಾಗಲ್ಲ. ಹುಟ್ಟಿದ ಹೊಸದರಲ್ಲಿ ಒಂದೊಂದು ಕೋಶದ ಮೈಗೂ ಹಲವು ತಂತು ಅಂಟಿಕೊಂಡಿರುತ್ತವೆ. ಮೊದಲ ವಾರದಲ್ಲಿ ಅವುಗಳಲ್ಲಿ ಒಂದು ಬಲಿಯುತ್ತದೆ. ಸುಮಾರು 9ನೇ ದಿನದಿಂದ ಅದೊಂದೇ ಕೊಂಬೆ ಹತ್ತುತ್ತದೆ, ಉಳಿದವು ಬುಡದಲ್ಲೇ ಇದ್ದು ಒಂದೊಂದಾಗಿ ಕಳಚಿಕೊಳ್ಳುತ್ತವೆ. 1976ರಲ್ಲಿ ಫ್ರಾನ್ಸಿನ ಕ್ರೆಪೆಲ್ ಮತ್ತು ಜೊತೆಗಾರರು ಇದನ್ನು ದೊಡ್ಡ ಜಾತಿಯ ಲ್ಯಾಬ್ ಇಲಿಗಳಲ್ಲಿ (ರ‍್ಯಾಟ್) ಕಂಡರು.

ಎಣಿಸುವುದು ಹೇಗೆ? ಮೊದಲು ತುಣುಕು ಕತ್ತರಿಸಬೇಕು, 250 ಮೈಕ್ರಾನ್ (ಕಾಲು ಮಿಲಿಮೀಟರ್) ದಪ್ಪಕ್ಕೆ. 5 ದಿನದ ಮರಿಯದ್ದು ಗಿಣ್ಣಿನಷ್ಟು ಮೆತ್ತಗೆ, ಬ್ಲೇಡ್ ತಾಗಿದರೆ ಅದರ ಜೊತೆಗೇ ಜಾರುತ್ತದೆ. ಹಿಂದೆ ಅಗರ್ ಅನ್ನುವ ಗಟ್ಟಿ ಜೆಲ್ಲಿಯ ತುಂಡೊಂದನ್ನು ಆಸರೆಗೆ ಅಂಟಿಸಿ, ಬ್ಲೇಡಿನ ವೇಗ ತೀರಾ ಇಳಿಸಿದ ಮೇಲೆ ಸರಿಹೋಯಿತು. ಆಮೇಲೆ ಗಾಜಿನ ಸಣ್ಣ ನಳಿಕೆಯಿಂದ ಒಂದು ಪರ್ಕಿಂಜಿ ಕೋಶ ಹಿಡಿದು, ಪಕ್ಕದಲ್ಲಿ ಇನ್ನೊಂದು ನಳಿಕೆ ಇಟ್ಟು ತಂತುಗಳಿಗೆ ಚೂರು ಚೂರೇ ಕರೆಂಟ್ ಏರಿಸುತ್ತಾ ಹೋಗಬೇಕು. ಒಂದೊಂದು ತಂತು ಎಚ್ಚರವಾದಾಗಲೂ ಕೋಶದ ಉತ್ತರ ಒಂದು ಮೆಟ್ಟಿಲು ದೊಡ್ಡದಾಗುತ್ತದೆ. ಪರದೆ ಮೇಲೆ ಅದು ಕೆಳಮುಖ, ಬಾವಿಗೆ ಇಳಿದ ಹಾಗೆ. ಎಷ್ಟು ಮೆಟ್ಟಿಲೋ ಅಷ್ಟು ತಂತು.

ನಾನು ಎಡವಿದ್ದು ಇಲ್ಲೇ. 20 ದಿನದ ಮರಿಯಲ್ಲಿ ಒಂದೇ ಮೆಟ್ಟಿಲು ಬರಬೇಕು, ನನಗೆ ನಾಲ್ಕೈದು ಬರುತ್ತಿತ್ತು. ಮೂರು ವಾರ ಹೀಗೇ. ಏನೋ ಹೊಸದು ಸಿಕ್ಕಿತು ಅಂತ ಒಳಗೊಳಗೇ ಖುಷಿ. ಧಾರವಾಡ ಕಡೆಯ ಸೀನಿಯರ್ ಒಬ್ಬರು ಪರದೆ ನೋಡಿ, "ಕ್ಲೈಂಬಿಂಗ್ ಅಲ್ಲ ಬಿಡಪಾ ಇದು. ಎರಡ ಸಲ ಹೊಡದ ನೋಡು" ಅಂದರು.

50 ಮಿಲಿಸೆಕೆಂಡ್ ಬಿಟ್ಟು ಎರಡು ಸಲ ಕರೆಂಟ್ ಕೊಟ್ಟೆ. ಎರಡನೇ ಉತ್ತರ ಮೊದಲಿನದ್ದಕ್ಕಿಂತ ದೊಡ್ಡದು. ಅಂದರೆ ಪ್ಯಾರಲಲ್ ಫೈಬರ್! ಕ್ಲೈಂಬಿಂಗ್ ಆಗಿದ್ದರೆ ಎರಡನೆಯದು ಚಿಕ್ಕದಾಗಬೇಕಿತ್ತು. ನಳಿಕೆಯನ್ನು ಪ್ಯಾರಲಲ್ ಫೈಬರ್‌ಗಳು ಓಡುವ ಮೇಲಿನ ಪದರದ ಹತ್ತಿರ ಇಟ್ಟಿದ್ದೆ. ಜೊತೆಗೆ ಕರೆಂಟನ್ನು ದೊಡ್ಡ ದೊಡ್ಡ ಹೆಜ್ಜೆಯಲ್ಲಿ ಏರಿಸುತ್ತಿದ್ದೆ. ಅವುಗಳ ಉತ್ತರ ಇಳಿಜಾರಿನ ಹಾಗೆ ನುಣ್ಣಗೆ ಬೆಳೆಯುವಂಥದ್ದು, ನಾನೇ ಅದಕ್ಕೆ ಮೆಟ್ಟಿಲು ಕಡಿದಿದ್ದೆ ಅಷ್ಟೇ.

ನಳಿಕೆಯನ್ನು ಕೆಳಗೆ, ಗ್ರಾನ್ಯೂಲ್ ಪದರಕ್ಕೆ ಸರಿಸಿದೆ. ಸ್ವಲ್ಪ ಏರಿಸಿದೆ, ಏನಿಲ್ಲ. ಇನ್ನೂ ಸ್ವಲ್ಪ, ಏನಿಲ್ಲ. ಮತ್ತೊಂದು ಚೂರು, ದಬಕ್ಕನೆ ಪೂರ್ತಿ ಬಂತು. ಆಮೇಲೆ ಎಷ್ಟು ಏರಿಸಿದರೂ ಅಷ್ಟೇ. ಎರಡನೇ ಸಲ ಹೊಡೆದರೆ ಚಿಕ್ಕದು.

ಎಳೆ ಮರಿಗಳಲ್ಲಿ ತಪ್ಪು ಉಲ್ಟಾ ಆಗುತ್ತದೆ. ನಳಿಕೆ ಒಂದೇ ಕಡೆ ಇಟ್ಟರೆ ಎರಡೇ ಮೆಟ್ಟಿಲು ಸಿಗುತ್ತದೆ, ಜಾಗ ಬದಲಿಸಿ ಹುಡುಕಿದರೆ ಐದು. ಈಗ ಹೊಸಬರಿಗೆ ನಾನು ಮೊದಲು ಹೇಳುವುದು, ಸುತ್ತಲೂ ಹತ್ತು ಕಡೆಯಾದರೂ ತಡಕಿ ಅಂತ.

11ನೇ ದಿನದ ಕೋಶಗಳು ನನಗೆ ಇಷ್ಟ. ಎಷ್ಟೋ ಸಲ ಒಂದು ದೊಡ್ಡ ಮೆಟ್ಟಿಲು, ಅದರ ಪಕ್ಕ ಇನ್ನೇನು ಹೋಗಲಿರುವ ಒಂದು ಚಿಕ್ಕದು ಕಾಣುತ್ತದೆ. ಆದರೆ ನಳಿಕೆಯಲ್ಲಿ ಹಿಡಿದ ಕೋಶ ಒಂದು ಗಂಟೆ ಉಳಿದರೆ ಹೆಚ್ಚು. 11ನೇ ದಿನದ್ದು ಒಂದು ಮರಿಯದು, 15ನೇ ದಿನದ್ದು ಬೇರೆಯದೇ ಮರಿಯದು. ಇಷ್ಟು ಎಣಿಸಿದ ಮೇಲೂ, ಒಂದೇ ಒಂದು ತಂತು ಕಳಚಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿಲ್ಲ.