ಎಂಟು ವಾರ ಬರೀ ಡಬ್ಬಿ ಹಾಲು: ಕ್ರೋನ್ಸ್ ಮಕ್ಕಳ ಜೊತೆ ನನ್ನ ಅನುಭವ

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಡಯಟೀಷಿಯನ್ ಆಗಿ ಕೆಲಸ ಮಾಡುತ್ತೇನೆ. ಕ್ರೋನ್ಸ್ (ಕರುಳಿನಲ್ಲಿ ಬಹುಕಾಲ ಉರಿಯೂತ, ಹುಣ್ಣು ಉಳಿಯುವ ರೋಗ) ಇರುವ ಮಕ್ಕಳಿಗೆ ಎಂಟು ವಾರ ಊಟ ಪೂರ್ತಿ ನಿಲ್ಲಿಸಿ, ಬರೀ ಫಾರ್ಮುಲಾ ಹಾಲಿನ ಮೇಲೆ ಇಟ್ಟು ಕರುಳಿನ ಉರಿಯೂತ ಇಳಿಸುವ ಪದ್ಧತಿಯನ್ನು (ಎಕ್ಸ್‌ಕ್ಲೂಸಿವ್ ಎಂಟೆರಲ್ ನ್ಯೂಟ್ರಿಷನ್, ಇಇಎನ್) ನಾನು ಶುರು ಮಾಡಿದಾಗ ನಂಬಿದವರು ಯಾರೂ ಇರಲಿಲ್ಲ. ಒಬ್ಬ ಹಿರಿಯ ಡಾಕ್ಟರ್ ಮುಖಕ್ಕೆ ಹೇಳಿದ್ದರು, "ಅದೆಲ್ಲ ಲಂಡನ್ನಾಗ ನಡೀತೈತಿ, ನಮ್ಮ ಕಡೆ ನಡೆಯಂಗಿಲ್ಲ." ಈಗ ಅವರೇ ಮಕ್ಕಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಹೇಗೆ ಮಾಡಿದೆ ಅಂತ ಬೇರೆ ಊರಿನ ಡಯಟೀಷಿಯನ್‌ಗಳು ಫೋನ್ ಮಾಡಿ ಕೇಳುತ್ತಿದ್ದಾರೆ. ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಪದ್ಧತಿ ಹೊಸದಲ್ಲ ಅನ್ನೋದು ನಿಮಗೆ ಗೊತ್ತು. 2006ರಲ್ಲಿ ಇಟಲಿಯವರು ಹತ್ತು ವಾರ ಹಾಲು ಕುಡಿದ ಮಕ್ಕಳನ್ನೂ ಸ್ಟೀರಾಯ್ಡ್ ತೆಗೆದುಕೊಂಡವರನ್ನೂ ಹೋಲಿಸಿದರು. ಲಕ್ಷಣ ಇಳಿಯುವುದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಒಳಗೆ ಹುಣ್ಣು ಮಾಯ್ದದ್ದು ಹಾಲಿನವರಲ್ಲಿ ನೂರಕ್ಕೆ 74, ಸ್ಟೀರಾಯ್ಡಿನವರಲ್ಲಿ 33. 2014ರಲ್ಲಿ ಯುರೋಪಿನ ಮಾರ್ಗಸೂಚಿಯೂ ಮಕ್ಕಳಿಗೆ ಮೊದಲು ಇದನ್ನೇ ಕೊಡಿ ಅಂದಿತು. ಆ ಪೇಪರ್ ಪ್ರಿಂಟ್ ಹಾಕಿಸಿ ನಮ್ಮ ಮೀಟಿಂಗಿನಲ್ಲಿ ಹಂಚಿದ್ದೆ. ಎಲ್ಲರೂ ಓದಿದರು, ತಲೆಯಾಡಿಸಿದರು, ಮತ್ತೆ ಪ್ರೆಡ್ನಿಸೋಲೋನ್ (ಸ್ಟೀರಾಯ್ಡ್ ಮಾತ್ರೆ) ಬರೆದರು.

ಮೊದಲ ಹುಡುಗ ಗದಗ ಕಡೆಯವನು. ಹನ್ನೆರಡು ವರ್ಷ, 24 ಕೆಜಿ. ನಮ್ಮ ಕಡೆ ಆಗುವ ಹಾಗೆ ಅವನಿಗೂ ಮೊದಲು ಕರುಳಿನ ಟಿಬಿ ಅಂತ ಎರಡು ತಿಂಗಳು ಔಷಧಿ ನಡೆದಿತ್ತು. ಏನೂ ಬದಲಾಗದೆ ಇದ್ದಾಗ ಮತ್ತೆ ಸ್ಕೋಪ್ (ಕ್ಯಾಮೆರಾ ನಳಿಗೆಯಿಂದ ಕರುಳು ನೋಡುವುದು) ಮಾಡಿ ಕ್ರೋನ್ಸ್ ಅಂತ ತೀರ್ಮಾನ ಆಯಿತು. ವಾರ್ಡಿನಲ್ಲಿ ಐದು ದಿನ ಚೆನ್ನಾಗಿ ಕುಡಿದ. ಮನೆಗೆ ಕಳಿಸಿದೆವು. ಒಂಬತ್ತನೇ ದಿನ ಅವರ ಅಪ್ಪ ಫೋನ್ ಮಾಡಿ, "ನಿಲ್ಲಿಸಿಬಿಟ್ಟೇವ್ರೀ ಮೇಡಂ" ಅಂದರು. ಆಮೇಲೆ ಓಪಿಡಿಯಲ್ಲಿ ಆ ಹುಡುಗ ತಲೆ ತಗ್ಗಿಸಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಅಜ್ಜಿ ರೊಟ್ಟಿ ಬಡಿಯೋ ಸಪ್ಪಳ ಕೇಳಿದ್ರ ತಡಕೊಳ್ಳಾಕ ಆಗಂಗಿಲ್ರೀ." ಸ್ಟೀರಾಯ್ಡ್ ಶುರುವಾಯಿತು. ತಿಂಗಳೊಪ್ಪತ್ತಿನಲ್ಲಿ ಮುಖ ಊದಿಕೊಂಡಿತ್ತು.

ಎರಡನೆಯದರಲ್ಲಿ ಮನೆಯವರ ಮಾತಿಗೆ ನಾನು ಸೋತೆ. ಅರ್ಧ ಹಾಲು, ಅರ್ಧ ಊಟ ಅಂತ ಒಪ್ಪಿಕೊಂಡೆ. ಆರು ವಾರ ಹಣ ಸುರಿದರು. ತೂಕ ಒಂದೂವರೆ ಕೆಜಿ ಏರಿತು, ಆದರೆ ಹೊಟ್ಟೆ ನೋವು ಹಾಗೇ ಇತ್ತು, ಸಿಆರ್‌ಪಿ (ರಕ್ತದಲ್ಲಿ ಉರಿಯೂತ ಅಳೆಯುವ ಪರೀಕ್ಷೆ) ಕೂಡ ಇಳಿಯಲಿಲ್ಲ. ನಾನು ಮೊದಲೇ ಸರಿಯಾಗಿ ಓದಬೇಕಿತ್ತು. ಬರ್ಮಿಂಗ್‌ಹ್ಯಾಮಿನವರು 2006ರಲ್ಲೇ ಇದನ್ನು ಮಾಡಿ ನೋಡಿದ್ದರು. ಪೂರ್ತಿ ಹಾಲಿನವರಲ್ಲಿ ನೂರಕ್ಕೆ 42 ಮಕ್ಕಳಿಗೆ ರೋಗ ಹತೋಟಿಗೆ ಬಂದರೆ, ಅರ್ಧ ಹಾಲು ಕುಡಿದು ಬೇಕಾದ್ದು ತಿಂದವರಲ್ಲಿ ಬರೀ 15. ಊಟ ಬಿಡುವುದೇ ಇಲ್ಲಿ ಔಷಧಿ. ಅವತ್ತಿನಿಂದ ಈ ವಿಷಯದಲ್ಲಿ ಯಾರ ಜೊತೆಗೂ ಚೌಕಾಸಿ ಮಾಡಿಲ್ಲ.

ಮೂರನೇ ಮಗುವಿನ ತಪ್ಪು ಪೂರ್ತಿ ನನ್ನದು. ಹೆಣ್ಣು ಮಗು, ಒಂಬತ್ತು ವರ್ಷ, 17 ಕೆಜಿ. ಬಹಳ ಸೊರಗಿತ್ತು. ಅವಸರಕ್ಕೆ ಎರಡನೇ ದಿನವೇ ಪೂರ್ತಿ ಪ್ರಮಾಣ ಕೊಟ್ಟೆ. ಬಹಳ ಸೊರಗಿದ ದೇಹಕ್ಕೆ ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ರಕ್ತದ ಲವಣಗಳು ಕುಸಿಯುತ್ತವೆ. ನಾಲ್ಕನೇ ದಿನ ಫಾಸ್ಫೇಟ್ ಕುಸಿಯಿತು, ಪೊಟ್ಯಾಷಿಯಂ ಕೂಡ. ಐಸಿಯುನಲ್ಲಿ ಎರಡು ರಾತ್ರಿ. ಮಗು ಉಳಿಯಿತು, ಆದರೆ ಆ ಎರಡು ರಾತ್ರಿ ನಾನು ಮನೆಗೆ ಹೋಗಲಿಲ್ಲ. ಈಗ ಇಂಥ ಮಕ್ಕಳನ್ನು ಮೊದಲ ವಾರ ಅಡ್ಮಿಟ್ ಮಾಡಿಕೊಂಡೇ ಶುರು ಮಾಡುತ್ತೇವೆ. ಅರ್ಧಕ್ಕಿಂತ ಕಡಿಮೆಯಿಂದ ಶುರು, ಐದಾರು ದಿನದಲ್ಲಿ ಮೇಲೆ ಏರಿಸುವುದು, ಥಯಾಮಿನ್ (ವಿಟಮಿನ್ ಬಿ1) ಮೊದಲೇ, ರಕ್ತಪರೀಕ್ಷೆ ದಿನಾ. ಇದರಲ್ಲಿ ಅವಸರ ಬೇಡ.

ಇಷ್ಟಾದ ಮೇಲೆ ಬಿಟ್ಟುಬಿಡು ಅಂದವರೇ ಜಾಸ್ತಿ. ನಾನು ಬಿಡಲಿಲ್ಲ. ಆ ಗದಗದ ಮನೆಗೆ ಒಂದು ಭಾನುವಾರ ಹೋದೆ. ಒಂದೇ ಪಡಸಾಲೆ, ಅದರ ಮೂಲೆಯಲ್ಲೇ ಒಲೆ. ಹುಡುಗ ಓದುವುದು, ಮಲಗುವುದು ಎಲ್ಲ ಒಲೆಯಿಂದ ಐದಾರು ಹೆಜ್ಜೆ ದೂರದಲ್ಲಿ. ಅಜ್ಜಿ ನನ್ನನ್ನು ಕೂರಿಸಿ ಕೇಳಿದರು, "ಎರಡ ತಿಂಗಳ ಕೂಸಿಗೆ ಅನ್ನ-ರೊಟ್ಟಿ ಇಲ್ಲಂದ್ರ ಹೆಂಗ್ರೀ ಬಾಯಾರ? ಸೊರಗಿ ಹೊಕ್ಕಾನ." ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಆ ಪ್ರಶ್ನೆಗೆ ನಾನು ಅಲ್ಲಿಯತನಕ ಯಾರಿಗೂ ಉತ್ತರ ಕೊಟ್ಟಿರಲಿಲ್ಲ. ಅಮ್ಮನಿಗೆ ಹೇಳಿದ್ದೆ, ಅಪ್ಪನಿಗೆ ಹೇಳಿದ್ದೆ. ಒಲೆ ಮುಂದೆ ಕೂರುವವರಿಗೆ ಹೇಳಿರಲಿಲ್ಲ. ಔಷಧಿ ಚೀಟಿ ಬರೆಯಬೇಕಾದದ್ದು ಅಡುಗೆಮನೆಗೆ ಅಂತ ಅವತ್ತು ಗೊತ್ತಾಯಿತು.

ಈಗ ಶುರು ಮಾಡುವ ಮೊದಲು ಅಡುಗೆ ಮಾಡುವವರು ಬರಲೇಬೇಕು. ಅಜ್ಜಿ ಇದ್ದರೆ ಅಜ್ಜಿ. ಒಂದು ಲೋಟ ಹಾಲು ಕಲಸಿ ಅವರಿಗೇ ಕುಡಿಸುತ್ತೇನೆ. ಒಂದು ಡಬ್ಬಿಯಲ್ಲಿ ಎಷ್ಟು ರೊಟ್ಟಿಯ ಶಕ್ತಿ ಇದೆ ಅಂತ ಅವರ ಲೆಕ್ಕದಲ್ಲೇ ಹೇಳುತ್ತೇನೆ. ಎರಡನೇ ಪ್ರಶ್ನೆ, "ಮುಂದಿನ ಎರಡು ತಿಂಗಳಲ್ಲಿ ಮನೆಯಲ್ಲಿ ಏನು ಕಾರ್ಯ ಇದೆ?" ಜಾತ್ರೆ, ಮದುವೆ, ಸೀಮಂತ, ದೀಪಾವಳಿ ಎಲ್ಲ ಬರೆದುಕೊಳ್ಳುತ್ತೇನೆ. ತೀರಾ ಸುಸ್ತಾದ ಮಗುವಾದರೆ ಕಾಯುವ ಹಾಗಿಲ್ಲ. ಹದಿನೈದು ದಿನ ಕಾಯಬಹುದಾದವರಿಗೆ ಮಾತ್ರ ದಿನ ನೋಡಿ ಶುರು ಮಾಡುತ್ತೇನೆ. ರೊಟ್ಟಿ ಬಡಿಯುವುದು ಮಗು ಶಾಲೆಗೆ ಹೋದ ಮೇಲೆ. ಮನೆಯ ದೊಡ್ಡವರೊಬ್ಬರು ಮಗುವಿನ ಜೊತೆ ತಮಗಿಷ್ಟವಾದ ಒಂದನ್ನು ಬಿಡಬೇಕು. ಒಬ್ಬ ಅಪ್ಪ ಎಂಟು ವಾರ ಚಹಾ ಮುಟ್ಟಲಿಲ್ಲ. ಆ ಮಗ ಒಂದು ದಿನವೂ ತಪ್ಪಿಸಲಿಲ್ಲ.

ಮಕ್ಕಳಿಗೆ ಹಸಿವು ಅಷ್ಟು ಕಾಡುವುದಿಲ್ಲ. ಅಗಿಯುವುದು ಇಲ್ಲವಲ್ಲ, ಅದು ಕಾಡುತ್ತದೆ. ದಿನಕ್ಕೆ ಎರಡು ತುಣುಕು ಕಲ್ಲುಸಕ್ಕರೆ ಕೊಡುತ್ತೇನೆ, ನೀರು ಎಷ್ಟಾದರೂ. ಹಾಲನ್ನು ಐಸ್‌ಕ್ಯಾಂಡಿ ಅಚ್ಚಿನಲ್ಲಿ ಗಟ್ಟಿ ಮಾಡಿ ಕೊಟ್ಟದ್ದು ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು. ಬೇಸಿಗೆಯಲ್ಲಂತೂ ಪಕ್ಕದ ಮನೆ ಮಕ್ಕಳೂ ಕೇಳುತ್ತಿದ್ದರಂತೆ. ಪೌಡರಿನ ಆ ವಾಸನೆ ಹೋಗಿಸಲು ನಾನು ಒಂದು ಕೆಲಸ ಮಾಡುತ್ತೇನೆ. ಅದನ್ನು ಸದ್ಯಕ್ಕೆ ಬರೆಯುವುದಿಲ್ಲ. ಇನ್ನೂ ಕೆಲವು ಮಕ್ಕಳಲ್ಲಿ ನೋಡಬೇಕು. ವಾರ್ಡಿಗೆ ಬಂದವರಿಗೆ ಮಾಡಿ ತೋರಿಸುತ್ತೇನೆ. ಮೂಗಿನಿಂದ ಹೊಟ್ಟೆಗೆ ಹಾಲು ಇಳಿಸುವ ನಳಿಗೆಯ ಬಗ್ಗೆ ಹೆಚ್ಚು ಹೇಳಲ್ಲ. ಇಬ್ಬರಿಗೆ ಹಾಕಿದೆವು. ಮನೆಗೆ ಹೋದ ಮೇಲೆ ಬಂದವರೆಲ್ಲ ಮಗುವಿಗೆ ಏನಾಗಿದೆ ಅಂತ ಕೇಳಿ ಕೇಳಿ, ಎರಡೂ ಮನೆಯವರು ತೆಗೆಸಿಬಿಟ್ಟರು.

ಇನ್ನು ದುಡ್ಡಿನ ವಿಷಯ. ನಮ್ಮಲ್ಲಿ ಇದು ನಿಂತುಹೋಗುವುದೇ ಇಲ್ಲಿ.

ಹನ್ನೆರಡು ವರ್ಷದ ಹುಡುಗನಿಗೆ ದಿನಕ್ಕೆ 1,800 ಕ್ಯಾಲೊರಿ ಅಂದರೂ 400 ಗ್ರಾಂ ಡಬ್ಬಿ ಒಂದು ದಿನಕ್ಕೇ ಮುಗಿಯುತ್ತದೆ. ಡಬ್ಬಿಗೆ ಆರುನೂರೈವತ್ತು ಏಳುನೂರು ರೂಪಾಯಿ. 56 ದಿನ, 56 ಡಬ್ಬಿ. ಹತ್ತಿರ ಹತ್ತಿರ ನಲವತ್ತು ಸಾವಿರ. ಸ್ಟೀರಾಯ್ಡ್ ಮಾತ್ರೆಗೆ ತಿಂಗಳಿಗೆ ನೂರಿನ್ನೂರು ಸಾಕು. ಕೂಲಿ ಮಾಡುವವರ ಮುಂದೆ ಈ ಎರಡು ಲೆಕ್ಕ ಇಟ್ಟು, ನಲವತ್ತು ಸಾವಿರದ್ದೇ ಒಳ್ಳೆಯದು ಅಂತ ಹೇಳುವುದು ಸುಲಭ ಅಲ್ಲ. ಬೆಳೆಯುವ ಮಗು, ಮೂಳೆ ಗಟ್ಟಿಯಾಗಬೇಕಾದ ವಯಸ್ಸು ಅಂತ ಬಿಡಿಸಿ ಹೇಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರ ಕೈಯಲ್ಲಿ ಆಗುವುದೇ ಇಲ್ಲ. ಪ್ರೋಟೀನನ್ನು ಪೂರ್ತಿ ಒಡೆದು ಮಾಡಿದ ಎಲಿಮೆಂಟಲ್ ಪೌಡರ್ ಬೇಕಿಲ್ಲ, ಒಡೆಯದ ಪ್ರೋಟೀನಿನ ಸಾದಾ ಪಾಲಿಮೆರಿಕ್ ಸಾಕು. ಫಲ ಒಂದೇ, ರುಚಿ ವಾಸಿ, ಬೆಲೆಯೂ ಕಡಿಮೆ. ಮೆಡಿಕಲ್ ಶಾಪ್ ಬಿಟ್ಟು ನೇರ ಡಿಸ್ಟ್ರಿಬ್ಯೂಟರ್ ಹತ್ತಿರ ಇಪ್ಪತ್ತೆಂಟು ಡಬ್ಬಿಯ ಲೆಕ್ಕದಲ್ಲಿ ತೆಗೆದುಕೊಂಡರೆ ನೂರಕ್ಕೆ ಹನ್ನೆರಡು ಹದಿನೈದು ಉಳಿಯುತ್ತದೆ. ನಾಲ್ಕು ಮಕ್ಕಳಿಗೆ ಊರಿನ ದಾನಿಗಳಿಂದ ಡಬ್ಬಿ ಕೊಡಿಸಿದೆ. ಹಣ ಕೈಗೆ ತೆಗೆದುಕೊಳ್ಳಲ್ಲ, ಡಬ್ಬಿಯನ್ನೇ ಕೇಳುತ್ತೇನೆ.

ದುಡ್ಡಿನಿಂದಲೇ ಇನ್ನೊಂದು ಪಾಠ ಕಲಿತೆ. ಒಬ್ಬ ಹುಡುಗನ ತೂಕ ಮೂರನೇ ವಾರಕ್ಕೆ ನಿಂತುಬಿಟ್ಟಿತು. ಹೊಟ್ಟೆ ನೋವಿಲ್ಲ, ಮಲ ಸರಿ, ತೂಕ ಮಾತ್ರ ಏರಲ್ಲ. ಪಿಸಿಡಿಎಐ ಅಂಕ (ಮಕ್ಕಳ ಕ್ರೋನ್ಸ್ ಎಷ್ಟು ಜೋರಾಗಿದೆ ಅಂತ ಅಳೆಯುವ ಲೆಕ್ಕ, ಕಡಿಮೆಯಾದಷ್ಟೂ ಒಳ್ಳೆಯದು) ಇಳಿದಿದೆ. ಡಾಕ್ಟರು ಔಷಧಿ ಬದಲಿಸುವ ಮಾತಾಡುತ್ತಿದ್ದರು. ಅವರ ಅಮ್ಮನನ್ನು ಪಕ್ಕಕ್ಕೆ ಕರೆದು ಸುಮ್ನೆ ಕೂತೆ. ಸ್ವಲ್ಪ ಹೊತ್ತಿಗೆ ಅವರೇ ಹೇಳಿದರು. ಡಬ್ಬಿ ಒಂದೂವರೆ ದಿನ ಬರಲಿ ಅಂತ ಚಮಚ ಕಡಿಮೆ ಹಾಕಿ, ನೀರು ಅಷ್ಟೇ ಇಟ್ಟಿದ್ದರು. ಹೇಳಿ ಅತ್ತರು. ನಾನು ಬೈಯಲಿಲ್ಲ. ಅವತ್ತಿನಿಂದ ಖಾಲಿ ಡಬ್ಬಿ ವಾಪಸ್ ತರಿಸುತ್ತೇನೆ. ವಾರಕ್ಕೆ ಏಳು ಬರಬೇಕು, ಐದು ಬಂದರೆ ನಾನು ಪೌಡರಿಗೆ ಓಡಾಡುತ್ತೇನೆ. ಇದಕ್ಕೆ ಉಲ್ಟಾನೂ ಆಗುತ್ತದೆ. ಬೇಗ ಮುಗಿಯಲಿ ಅಂತ ಗಟ್ಟಿಯಾಗಿ ಕಲಸಿ ಕೊಟ್ಟು ಭೇದಿ ಹಿಡಿಸಿಕೊಂಡವರೂ ಇದ್ದಾರೆ. ಡಬ್ಬಿ ಎಣಿಸುವುದು ನೋಡೋಕೆ ಸಣ್ಣ ಕೆಲಸ. ನನಗೆ ಸಿಆರ್‌ಪಿಗಿಂತ ಜಾಸ್ತಿ ಉಪಯೋಗ ಆಗಿದೆ.

ಖರ್ಚು ತಗ್ಗಿಸಲು ಮನೆಯಲ್ಲೇ ಮಾಡುವ ಮಿಶ್ರಣ ನೋಡೋಣ ಅಂತ ಒಮ್ಮೆ ಡಾಕ್ಟರರ ಒಪ್ಪಿಗೆ ತೆಗೆದುಕೊಂಡು ಇಬ್ಬರು ಮಕ್ಕಳಲ್ಲಿ ಪ್ರಯತ್ನಿಸಿದೆ. ಕೆನೆ ತೆಗೆದ ಹಾಲಿನ ಪುಡಿ, ಸೋಸಿದ ರಾಗಿ ಹಾಲು, ಎಣ್ಣೆ, ಸಕ್ಕರೆ, ಜೊತೆಗೆ ವಿಟಮಿನ್. ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯಿತು. ಮಕ್ಕಳಿಗೆ ರುಚಿಯೂ ಹಿಡಿಸಿತು. ಮೂರು ವಾರದ ಮೇಲೆ ಒಬ್ಬನ ಕ್ಯಾಲ್‌ಪ್ರೊಟೆಕ್ಟಿನ್ (ಮಲದಲ್ಲಿ ಕರುಳಿನ ಉರಿಯೂತ ಅಳೆಯುವ ಪರೀಕ್ಷೆ) ಸಾವಿರದ ನಾನೂರರಿಂದ ಸಾವಿರದ ನೂರಕ್ಕೆ ಬಂದಿತ್ತು, ಅಷ್ಟೇ. ಇನ್ನೊಬ್ಬಳಿಗೆ ಹೊಟ್ಟೆ ಉಬ್ಬರ. ಇಬ್ಬರನ್ನೂ ಡಬ್ಬಿ ಹಾಲಿಗೆ ತಂದೆ. ರಾಗಿ ಮೇಲೆ ನನಗೆ ಪ್ರೀತಿ ಇದೆ, ಇದಕ್ಕೆ ಮಾತ್ರ ಬೇಡ.

ಇಸ್ರೇಲ್ ಮತ್ತು ಕೆನಡಾದವರ 2019ರ ಪದ್ಧತಿ, ಅಂದರೆ ಆರಿಸಿದ ಆಹಾರದ ಜೊತೆ ಅರ್ಧ ಹಾಲು, ಅದನ್ನೂ ಮಾಡಿ ನೋಡಿದೆ. ಪೂರ್ತಿ ಹಾಲಿಗಿಂತ ಮಕ್ಕಳು ಅದನ್ನು ಸುಲಭವಾಗಿ ತಡೆದುಕೊಂಡರು ಅನ್ನುವುದು ಅವರ ಲೆಕ್ಕದಲ್ಲೇ ಇದೆ. ಬರ್ಮಿಂಗ್‌ಹ್ಯಾಮಿನ ಅರ್ಧದ ಹಾಗೆ ಬೇಕಾದ್ದು ತಿನ್ನುವ ಅರ್ಧ ಅಲ್ಲ ಇದು. ಆದರೆ ಅದರಲ್ಲಿ ಕೋಳಿ, ಮೊಟ್ಟೆ ದಿನಾ ಬೇಕು. ಗೋಧಿ ಇಲ್ಲ, ಹಾಲು-ಮೊಸರು ಇಲ್ಲ. ಮೊಟ್ಟೆ ಒಳಗೇ ಬರದ ಮನೆಯಲ್ಲಿ ಏನು ಮಾಡುವುದು? ಮಾಂಸ ತಿನ್ನುವ ಮೂರು ಮನೆಗಳಲ್ಲಿ ಚೆನ್ನಾಗಿ ನಡೆದಿದೆ. ಸಸ್ಯಾಹಾರಿಗಳಿಗೆ ಹೊಂದಿಸುವ ಕೆಲಸ ನಡೆಯುತ್ತಿದೆ, ಆಗಿದೆ ಅಂತ ಹೇಳಲಾರೆ.

ನನ್ನ ರಿಜಿಸ್ಟರಿನಲ್ಲಿ ಈತನಕ ಶುರು ಮಾಡಿದವರು ಹದಿನೇಳೋ ಹದಿನೆಂಟೋ. ಪೂರ್ತಿ ಎಂಟು ವಾರ ಮುಗಿಸಿದವರು ಹದಿಮೂರು. ಅವರಲ್ಲಿ ಹತ್ತು ಮಕ್ಕಳ ಪಿಸಿಡಿಎಐ ಅಂಕ ಹತ್ತಕ್ಕಿಂತ ಕೆಳಗೆ ಬಂತು, ಅಂದರೆ ರೋಗ ಹತೋಟಿಗೆ ಬಂತು, ಸ್ಟೀರಾಯ್ಡ್ ಮುಟ್ಟದೆ. ಅಡುಗೆಮನೆಯವರನ್ನು ಕರೆಸಲು ಶುರು ಮಾಡಿದ ಮೇಲೆ ಮಧ್ಯದಲ್ಲಿ ಬಿಟ್ಟವರು ಒಬ್ಬಳೇ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತದ ಇನ್ನೊಂದು ರೋಗ) ಮಕ್ಕಳಿಗೆ ಬರೀ ಹಾಲನ್ನೇ ನಂಬಿ ಇದನ್ನು ನಾನು ಮಾಡುವುದಿಲ್ಲ. ಗುದದ ಹತ್ತಿರ ಫಿಸ್ಟುಲಾ (ಕರುಳಿನಿಂದ ಚರ್ಮಕ್ಕೆ ಬಿದ್ದ ತೂತು) ಇದ್ದವರಿಗೆ ಡಾಕ್ಟರು ನೇರ ಇನ್‌ಫ್ಲಿಕ್ಸಿಮ್ಯಾಬ್ ಇಂಜೆಕ್ಷನ್ ಕಡೆ ಹೋಗುತ್ತಾರೆ.

ಹಾಲು ರೋಗವನ್ನು ಇಳಿಸುತ್ತದೆ, ಇಳಿದದ್ದನ್ನು ಹಿಡಿದಿಡುವುದಿಲ್ಲ. ಅದಕ್ಕೇ ಎರಡನೇ ವಾರದಿಂದಲೇ ಅಜಾಥಯೋಪ್ರಿನ್ (ರೋಗ ಮರುಕಳಿಸದಂತೆ ತಡೆಯುವ ಮಾತ್ರೆ) ಶುರುವಾಗಿರುತ್ತದೆ. ಅದಕ್ಕೆ ಮೊದಲು ಎನ್‌ಯುಡಿಟಿ15 ಪರೀಕ್ಷೆ ಮಾಡಿಸಿ ಅಂತ ನಾನೇ ನೆನಪಿಸುತ್ತೇನೆ. ಆ ಜೀನಿನಲ್ಲಿ ವ್ಯತ್ಯಾಸ ಇದ್ದರೆ ಈ ಮಾತ್ರೆಯಿಂದ ರಕ್ತಕಣ ಕುಸಿಯಬಹುದು, ನಮ್ಮ ಏಷ್ಯಾದ ಜನರಲ್ಲಿ ಆ ವ್ಯತ್ಯಾಸ ಜಾಸ್ತಿ. ಆದರೂ ಹತ್ತರಲ್ಲಿ ನಾಲ್ವರಿಗೆ ವರ್ಷದೊಳಗೆ ರೋಗ ಮರುಕಳಿಸಿತು. ಇಬ್ಬರು ತಾವಾಗಿಯೇ ಬಂದು, "ಮತ್ತ ಡಬ್ಬಿ ಹಾಲ ಕೊಡ್ರಿ" ಅಂದರು.

ಗದಗದ ಹುಡುಗನೂ ಎರಡು ವರ್ಷ ಬಿಟ್ಟು ಬಂದ. ಈ ಸಲ ಅಜ್ಜಿ ಜೊತೆಗೆ ಬಂದಿದ್ದರು. ಎಂಟು ವಾರ ಮುಗಿಸಿದ. ಮುಗಿದ ದಿನ ಮೆತ್ತನೆ ಅನ್ನದಿಂದ ಶುರು ಮಾಡಿ ಅಂತ ನಾನು ಬರೆದುಕೊಟ್ಟಿದ್ದೆ, ರೊಟ್ಟಿ ಮೂರನೇ ವಾರಕ್ಕೆ. ಅಜ್ಜಿ ಚೀಟಿಯನ್ನು ಒಲೆಯ ಹಿಂದಿನ ಗೋಡೆಗೆ ಅಂಟಿಸಿ, ದಿನಕ್ಕೊಂದು ಗೆರೆ ಎಳೆದು, ಇಪ್ಪತ್ತೊಂದನೇ ದಿನ ಅವನನ್ನು ಮುಂದೆ ಕೂರಿಸಿಕೊಂಡು ರೊಟ್ಟಿ ಬಡಿದರಂತೆ. ಅವತ್ತು ಅವನ ತೂಕ 34 ಕೆಜಿ.